ಮದ್ದಿಗೆ ದಾರಿ ಹುಡುಕಿದವರು



ಮದ್ದು ಕಂಡುಹಿಡಿಯುವುದು ಅರ್ಧ ಕೆಲಸ. ಅದನ್ನು ಬೇಕಾದ ಜಾಗಕ್ಕೆ ಮಾತ್ರ ತಲುಪಿಸುವುದು ಉಳಿದರ್ಧ. ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸ ನಮಗೆ ಕಲಿಸುವ ಪಾಠ ಇದೇ.

1891ರಲ್ಲಿ ನ್ಯೂಯಾರ್ಕಿನ ಯುವ ಶಸ್ತ್ರವೈದ್ಯ ವಿಲಿಯಂ ಕೋಲಿ ಆಸ್ಪತ್ರೆಯ ಹಳೆಯ ದಾಖಲೆಗಳಲ್ಲಿ ಒಂದು ವಿಚಿತ್ರ ಸಂಗತಿ ಕಂಡರು. ಕತ್ತಿನಲ್ಲಿ ಗಡ್ಡೆಯಿದ್ದ ರೋಗಿಯೊಬ್ಬನಿಗೆ ಎರಿಸಿಪೆಲಸ್ ಎಂಬ ಚರ್ಮದ ಸೋಂಕು ತಗಲಿತ್ತು. ಸೋಂಕಿನೊಡನೆ ಗಡ್ಡೆಯೂ ಮಾಯವಾಗಿತ್ತು. ಕೋಲಿ ಆತನನ್ನು ಹುಡುಕಿಕೊಂಡು ಹೋದರು. ಏಳು ವರ್ಷ ಕಳೆದರೂ ಆತ ಆರೋಗ್ಯವಾಗಿದ್ದ! ದೇಹದ ರೋಗನಿರೋಧಕ ಶಕ್ತಿಯೇ ಗಡ್ಡೆಯ ವಿರುದ್ಧ ಹೋರಾಡಬಲ್ಲದೆಂಬ ಆಲೋಚನೆಗೆ ಇದು ನಾಂದಿಯಾಯಿತು. ಆದರೆ ಕೋಲಿಯವರ ಚಿಕಿತ್ಸೆ ಎಲ್ಲರಲ್ಲೂ ಫಲಿಸಲಿಲ್ಲ. ವಿಕಿರಣ ಚಿಕಿತ್ಸೆ ಬಂದ ಮೇಲೆ ಅದು ಮೂಲೆಗುಂಪಾಯಿತು.

ನಮ್ಮ ರಕ್ಷಣಾ ಕೋಶಗಳಿಗೂ ಬ್ರೇಕ್ ಇದೆ ಎಂಬುದನ್ನು ಅರಿತು, ಅದನ್ನು ಸಡಿಲಿಸುವ ದಾರಿ ತೋರಿದವರು ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ. ಇಂಥ ಮೊದಲ ಔಷಧಕ್ಕೆ 2011ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2018ರಲ್ಲಿ ಇಬ್ಬರಿಗೂ ನೊಬೆಲ್ ಸಂದಿತು. ಆದರೆ ಬ್ರೇಕ್ ಸಡಿಲವಾಗುವುದು ಇಡೀ ದೇಹದಲ್ಲಿ. ಕೆಲವು ರೋಗಿಗಳಲ್ಲಿ ಕರುಳು, ಯಕೃತ್ತು, ಶ್ವಾಸಕೋಶಗಳ ಮೇಲೂ ದಾಳಿ ನಡೆಯುತ್ತದೆ.

ಇಲ್ಲಿ ನೆರವಿಗೆ ಬಂದದ್ದು ಪಾಲಿಮರ್, ಅಂದರೆ ಸಣ್ಣ ಅಣುಗಳು ಸರಪಣಿಯಂತೆ ಹೆಣೆದುಕೊಂಡ ದೊಡ್ಡ ಅಣು. 1976ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜುಡಾ ಫೋಕ್‌ಮನ್, ಪಾಲಿಮರಿನೊಳಗೆ ಇಟ್ಟ ಪ್ರೋಟೀನನ್ನು ನಿಧಾನವಾಗಿ ಹೊರಬಿಡಬಹುದೆಂದು ತೋರಿಸಿದರು. ಅನೇಕರು ನಂಬಲಿಲ್ಲ, ಲ್ಯಾಂಗರ್ ಅವರ ಅನುದಾನದ ಅರ್ಜಿಗಳು ಸಾಲುಸಾಲಾಗಿ ತಿರಸ್ಕೃತವಾದವು. 1986ರಲ್ಲಿ ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ, ಗಡ್ಡೆಯ ರಕ್ತನಾಳಗಳು ಸೋರುವುದರಿಂದ ದೊಡ್ಡ ಅಣುಗಳು ಅಲ್ಲಿ ಸೇರಿ ಉಳಿಯುತ್ತವೆ ಎಂದು ತಿಳಿಸಿದರು.

ನೀವು ಲಿಟ್ಮಸ್ ಕಾಗದದ ಪ್ರಯೋಗ ಮಾಡಿದ್ದೀರಲ್ಲವೇ? ರಕ್ತದ ಪಿಎಚ್ ಸುಮಾರು 7.4, ಗಡ್ಡೆಯ ಸುತ್ತ ಅದು ಅನೇಕ ವೇಳೆ 6.5ರಿಂದ 6.8ರಷ್ಟಿದ್ದು ತುಸು ಆಮ್ಲೀಯವಾಗಿರುತ್ತದೆ. ಈ ಸಣ್ಣ ವ್ಯತ್ಯಾಸವನ್ನು ಗುರುತಿಸಿ, ರಕ್ತದಲ್ಲಿ ಮುಚ್ಚಿಕೊಂಡಿದ್ದು ಗಡ್ಡೆಯ ಬಳಿ ತೆರೆದುಕೊಳ್ಳುವ ನ್ಯಾನೋ ಕಣಗಳೇ 'ಜಾಣ ಪಾಲಿಮರ್'ಗಳು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ! ಇಲಿಗಳಲ್ಲಿ ಗೆದ್ದದ್ದೆಲ್ಲ ಮನುಷ್ಯರಲ್ಲಿ ಗೆಲ್ಲುವುದಿಲ್ಲ. ಗಡ್ಡೆಯ ಸೋರಿಕೆಯೂ ರೋಗಿಯಿಂದ ರೋಗಿಗೆ ಬೇರೆ. ಆದ್ದರಿಂದ ಇವುಗಳಲ್ಲಿ ಹೆಚ್ಚಿನವು ಇನ್ನೂ ಪ್ರಯೋಗದ ಹಂತದಲ್ಲೇ ಇವೆ.

ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಕೊರಗುವ ಮಕ್ಕಳೇ, ಒಂದು ಮಾತು ನೆನಪಿಡಿ. ಲ್ಯಾಂಗರ್ ವೈದ್ಯರಲ್ಲ, ರಾಸಾಯನಿಕ ಎಂಜಿನಿಯರ್. ರೋಗಿಯ ಹಾಸಿಗೆಯವರೆಗೆ ಹೋಗುವ ದಾರಿ ರಸಾಯನಶಾಸ್ತ್ರದ ತರಗತಿಯಿಂದಲೂ ಇದೆ.