ತಂಬಾಕಿಲ್ಲದ ಅಡಿಕೆ ಜಗಿದರೆ ಬಾಯಿ ಕ್ಯಾನ್ಸರ್ ಬರುವುದಿಲ್ಲವೇ? ಸತ್ಯಾಂಶ ಇಲ್ಲಿದೆ

“ನಾನು ತಂಬಾಕು ಮುಟ್ಟಲ್ಲ, ಬರೀ ಅಡಿಕೆ ಅಷ್ಟೇ.” ಈ ಮಾತು ಕೇಳದವರು ಕಡಿಮೆ. ಇದೇ ಅರ್ಥದ ವಾಟ್ಸಾಪ್ ಸಂದೇಶ ನಿಮಗೂ ಬಂದಿದ್ದರೆ ಫಾರ್ವರ್ಡ್ ಮಾಡಬೇಡಿ. ಅದು ತಪ್ಪು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೂ ತಂಬಾಕಿಲ್ಲದ ಎಲೆ-ಅಡಿಕೆಯನ್ನೂ ಮೊದಲ ಗುಂಪಿಗೆ ಸೇರಿಸಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಸಾಕಷ್ಟು ಪುರಾವೆ ಇರುವ ವಸ್ತುಗಳ ಗುಂಪು ಅದು. ತೈವಾನ್‌ನಲ್ಲಿ ಸಾಮಾನ್ಯವಾಗಿ ತಂಬಾಕು ಹಾಕದೆಯೇ ಎಲೆ-ಅಡಿಕೆ ಜಗಿಯುತ್ತಾರೆ. ಅಲ್ಲಿಯೂ ಬಾಯಿ ಕ್ಯಾನ್ಸರ್ ಹೆಚ್ಚು. ತಂಬಾಕು ಅಥವಾ ಮದ್ಯ ಜೊತೆಗೂಡಿದರೆ ಅಪಾಯ ಇನ್ನಷ್ಟು ಏರುತ್ತದೆ, ಅದು ಬೇರೆ ಮಾತು.

ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಹಾಗಾಗಿ ಈ ವಿಷಯ ಎತ್ತಿದರೆ ಬೆಳೆಗಾರರಿಗೆ ಬೇಸರವಾಗುವುದು ಸಹಜ. ಆದರೆ ಬೆಳೆಯ ಮೇಲಿನ ಅಭಿಮಾನ ವೈದ್ಯಕೀಯ ಪುರಾವೆಯಾಗುವುದಿಲ್ಲ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯ ಒಳಪದರದ ಕೆಳಗೆ ನಾರಿನಂಥ ಅಂಗಾಂಶ ಬೆಳೆಯುವಂತೆ ಮಾಡುತ್ತದೆ. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಬರಬರುತ್ತಾ ಕೆನ್ನೆ ಬಿಗಿಯಾಗಿ, ಬಾಯಿ ಪೂರ್ತಿ ತೆರೆಯಲು ಆಗುವುದಿಲ್ಲ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಹಿಡಿಸದಿದ್ದರೆ ದಂತ ವೈದ್ಯರಿಗೆ ತೋರಿಸಿ. ಈ ತೊಂದರೆ ಇರುವ ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ, ಕೆಲವರಿಗೆ ಬರುತ್ತದೆ. ಒಮ್ಮೆ ಬಿಗಿದ ಕೆನ್ನೆ ಪೂರ್ತಿ ಮೊದಲಿನಂತಾಗುವುದು ಕಷ್ಟ, ಆದ್ದರಿಂದ ಜಗಿಯುವುದನ್ನು ಬೇಗ ಬಿಟ್ಟಷ್ಟೂ ಒಳ್ಳೆಯದು.

ಬಾಯಲ್ಲಿ ಹುಣ್ಣಾದರೆ “ಉಷ್ಣ ಆಗಿದೆ” ಎಂದು ಮಜ್ಜಿಗೆ ಕುಡಿದು, ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿ ಸುಮ್ಮನಾಗುತ್ತೇವೆ. ಮಾಮೂಲಿ ಹುಣ್ಣು ಎರಡು ವಾರದೊಳಗೆ ಮಾಯುತ್ತದೆ. ಅದಕ್ಕಿಂತ ಹೆಚ್ಚು ದಿನ ಉಳಿದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಇವುಗಳಲ್ಲಿ ಯಾವುದು ಕಂಡರೂ ಪರೀಕ್ಷೆ ಮಾಡಿಸಿ. ನೋವಿಲ್ಲ ಎಂದು ಕಾಯಬೇಡಿ. ಆರಂಭದಲ್ಲಿ ಈ ಕ್ಯಾನ್ಸರ್ ಹೆಚ್ಚಾಗಿ ನೋಯುವುದೇ ಇಲ್ಲ.

“ಬಯಾಪ್ಸಿಗೆ ಕತ್ತರಿಸಿದರೆ ಕ್ಯಾನ್ಸರ್ ಹರಡುತ್ತದೆ” ಎಂಬ ಭಯದಿಂದ ತಿಂಗಳುಗಟ್ಟಲೆ ಆಸ್ಪತ್ರೆಗೆ ಹೋಗದವರಿದ್ದಾರೆ. ಬಾಯಿಯ ಬಯಾಪ್ಸಿಯಲ್ಲಿ ಆ ಜಾಗವನ್ನು ಮರಗಟ್ಟಿಸಿ ಅಂಗಾಂಶದ ಚಿಕ್ಕ ತುಣುಕು ತೆಗೆಯುತ್ತಾರೆ. ಅದರಿಂದ ರೋಗ ಹರಡುವುದಿಲ್ಲ. ಆದರೆ ತಡ ಮಾಡಿದರೆ ಗಡ್ಡೆ ದವಡೆಗೂ ಕುತ್ತಿಗೆಯ ಗ್ರಂಥಿಗಳಿಗೂ ಇಳಿಯಬಹುದು. ಚಿಕ್ಕದಿರುವಾಗಲೇ ಸಿಕ್ಕರೆ ಅನೇಕರಿಗೆ ಶಸ್ತ್ರಚಿಕಿತ್ಸೆಯೊಂದೇ ಸಾಕಾಗುತ್ತದೆ.