ಮೇರಿಯ ಎಡಗಣ್ಣು

ಫ್ರಾನ್ಸಿನ ಬಂದರು ಪಟ್ಟಣ ಲ ಆವ್ರ್‌ನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಪಿಯೆರ್ ಜಾನೆ, ಬಿಡುವಿನ ವೇಳೆಯನ್ನು ಅಲ್ಲಿನ ಆಸ್ಪತ್ರೆಯ ರೋಗಿಗಳ ನಡುವೆ ಕಳೆಯುತ್ತಿದ್ದ. 1889ರಲ್ಲಿ ಹೊರಬಂದ ಅವನ ಮಹಾಪ್ರಬಂಧದಲ್ಲಿ ಮೇರಿ ಎಂಬ ಹತ್ತೊಂಬತ್ತರ ಹುಡುಗಿಯ ವೃತ್ತಾಂತವಿದೆ. ಅವಳಿಗೆ ತಿಂಗಳಿಗೊಮ್ಮೆ ಸೆಳವು, ಸನ್ನಿ. ಅದರ ಜೊತೆಗೆ ಎಡಗಣ್ಣು ಕಾಣದು. ಮುಖದ ಎಡಭಾಗಕ್ಕೆ ಸ್ಪರ್ಶವೇ ತಿಳಿಯದು. ಆ ಕಣ್ಣು ಹುಟ್ಟುಕುರುಡೆಂದೇ ಅವಳು ನಂಬಿದ್ದಳು.

ಸಮ್ಮೋಹನದಲ್ಲಿ ಜಾನೆ ಅವಳನ್ನು ಐದು ವರ್ಷದ ಮಗುವಾಗಿಸಿದಾಗ ಎರಡು ಕಣ್ಣೂ ಕಂಡವು. ಹಾಗಾದರೆ ಕೇಡು ನಡೆದದ್ದು ಆಮೇಲೆ. ಆರರ ವಯಸ್ಸಿಗೆ ಬಂದಾಗ ಸಂಗತಿ ತೆರೆದುಕೊಂಡಿತು: ಮುಖದ ಎಡಭಾಗದ ತುಂಬ ಕಜ್ಜಿಯಾಗಿದ್ದ ಮಗುವೊಂದರ ಪಕ್ಕದಲ್ಲಿ, ಅವಳು ಎಷ್ಟು ಚೀರಿದರೂ ಕೇಳದೆ, ಬಲವಂತವಾಗಿ ಮಲಗಿಸಿದ್ದರು. ಹೊಡೆತ ಬಡಿತಗಳಿದ್ದರೆ ಮಾತ್ರ ಹಿಂಸೆ ಎನ್ನುವವರಿಗೆ ಇದು ಸಣ್ಣ ಪ್ರಸಂಗವಾಗಿ ಕಂಡೀತು. ಆ ಆರು ವರ್ಷದ ದೇಹ ಹಾಗೆ ತಿಳಿಯಲಿಲ್ಲ.

ಜಾನೆ ಮೇರಿಯನ್ನು ಅದೇ ರಾತ್ರಿಗೆ ಮರಳಿಸಿದ. ಪಕ್ಕದಲ್ಲಿರುವ ಮಗುವಿಗೆ ಕಜ್ಜಿಯೇ ಇಲ್ಲ, ಅದು ಬಲು ಮುದ್ದಾದ ಮಗು ಎಂದು ನಂಬಿಸಿದ. ಮೊದಲ ಸಲ ಅವಳು ಅರ್ಧಂಬರ್ಧ ಒಪ್ಪಿದಳು. ಎರಡನೆಯ ಸಲ ಇಲ್ಲದ ಆ ಮಗುವಿನ ಮೈಯನ್ನು ಹೆದರದೆ ಸವರಿದಳು. ಎಡಗೆನ್ನೆಗೆ ಸ್ಪರ್ಶ ತಿಳಿಯಿತು. ಎಚ್ಚರಿಸಿದಾಗ ಎಡಗಣ್ಣು ಕಾಣುತ್ತಿತ್ತು.

ಇದನ್ನು ಓದಿದಾಗಲೆಲ್ಲ ಸಂತೋಷದ ಬೆನ್ನಿಗೇ ಒಂದು ಅಳುಕು ನನ್ನಲ್ಲಿ ಮೂಡುತ್ತದೆ. ಜಾನೆ ಮೇರಿಯ ನೆನಪನ್ನು ಹೊರತೆಗೆದು ತಿದ್ದಿದ. ನಡೆದದ್ದರ ಜಾಗದಲ್ಲಿ ನಡೆಯದ್ದನ್ನು ಇಟ್ಟ. ಅದನ್ನು ಮುಚ್ಚಿಡದೆ ಬರೆದೂ ಇಟ್ಟ. ಹುಡುಗಿಗೆ ಬೇಕಾದದ್ದು ಕಣ್ಣು, ಅದು ಸಿಕ್ಕಿತು. ಯಾವ ನ್ಯಾಯಾಲಯದಲ್ಲೂ ಅವಳು ಸಾಕ್ಷಿ ಹೇಳಬೇಕಾಗಿರಲಿಲ್ಲ. ಆದರೆ ವೈದ್ಯನ ಮಾತಿಗೆ ಅಷ್ಟು ಸುಲಭವಾಗಿ ಬಾಗುವ ನೆನಪನ್ನು, ದೌರ್ಜನ್ಯ ನಡೆಯಿತೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರವಾಗಿ ಹೇಗೆ ಸ್ವೀಕರಿಸುವುದು?

ಆ ಪ್ರಶ್ನೆಗೆ ವಿಯೆನ್ನಾದಲ್ಲಿ ಫ್ರಾಯ್ಡ್ ಎಡವಿದ. 1896ರ ಏಪ್ರಿಲ್ 21ರಂದು, ತನ್ನ 18 ರೋಗಿಗಳ ಆಧಾರದ ಮೇಲೆ, ಹಿಸ್ಟೀರಿಯಾದ ಬೇರು ಬಾಲ್ಯದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು ವೈದ್ಯರ ಸಭೆಯಲ್ಲಿ ಹೇಳಿದ. ಸಮ್ಮೋಹನವನ್ನು ಅವನು ಅಷ್ಟರಲ್ಲಿ ಬಹುಮಟ್ಟಿಗೆ ಕೈಬಿಟ್ಟಿದ್ದರೂ ರೋಗಿಯನ್ನು ಒತ್ತಾಯಿಸಿ ನೆನಪಿಗೆ ತರಿಸುವ ಅಭ್ಯಾಸ ಬಿಟ್ಟಿರಲಿಲ್ಲ. ಸಭೆ ತಣ್ಣಗೆ ಕೇಳಿತು. ಮರುವರ್ಷ ಸೆಪ್ಟೆಂಬರಿನಲ್ಲಿ, ಆ ಸಿದ್ಧಾಂತದಲ್ಲಿ ತನಗೆ ನಂಬಿಕೆ ಉಳಿದಿಲ್ಲವೆಂದು ಗೆಳೆಯ ಫ್ಲೀಸ್‌ಗೆ ಕಾಗದ ಬರೆದ. ಸಿದ್ಧಾಂತ ಬಿದ್ದದ್ದರ ಬೆಲೆ ತೆತ್ತವರು ಮಕ್ಕಳು ಎಂದೇ ನನ್ನ ಎಣಿಕೆ: ನಿಜವಾಗಿ ನೊಂದವರ ಮಾತನ್ನೂ ಕಲ್ಪನೆಯೆಂದು ತಳ್ಳಿಹಾಕುವುದು ಮುಂದಿನ ದಶಕಗಳಲ್ಲಿ ಸುಲಭವಾಯಿತು.

ಅಮೆರಿಕದಲ್ಲಿ ಗಾಲಿ ಇನ್ನೊಂದು ಕಡೆಗೆ ಉರುಳಿತು. ಹುದುಗಿದ ನೆನಪುಗಳನ್ನು ಸಮ್ಮೋಹನದಿಂದ ಅಗೆದು ತೆಗೆಯಬಹುದೆಂಬ ಉತ್ಸಾಹ 1980ರ ದಶಕದಲ್ಲಿ ಏರಿತು. ಸಮ್ಮೋಹನದಲ್ಲಿ ಹೇಳಿದ್ದು ಹೆಚ್ಚು ನಂಬಲರ್ಹವೇನಲ್ಲ, ಕಲ್ಪಿತವೂ ಅದರಲ್ಲಿ ಬೆರೆಯುತ್ತದೆ ಎಂದು 1985ರಲ್ಲಿ ಅಲ್ಲಿನ ವೈದ್ಯಕೀಯ ಸಂಘವೇ ಎಚ್ಚರಿಸಿತು. ನ್ಯಾಯಾಲಯಗಳಿಗೆ ಇದರ ಬಿಸಿ ಅದಕ್ಕೂ ಮೊದಲೇ ತಟ್ಟಿತ್ತು. 1982ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಶರ್ಲಿ ಮೊಕದ್ದಮೆಯಲ್ಲಿ ದೂರು ಕೊಟ್ಟವಳು ಮಗುವಲ್ಲ, ವಯಸ್ಕ ಮಹಿಳೆ, ಆರೋಪ ಅತ್ಯಾಚಾರದ್ದು. ನೆನಪಿನ ಬಿಟ್ಟ ಸ್ಥಳಗಳನ್ನು ತುಂಬಲೆಂದು ವಿಚಾರಣೆಗೆ ಮೊದಲು ಅವಳನ್ನು ಸಮ್ಮೋಹನಕ್ಕೆ ಒಳಪಡಿಸಿದ್ದರು. ಆ ಕಾರಣದಿಂದಲೇ ಘಟನೆಯ ಬಗ್ಗೆ ಅವಳ ಸಾಕ್ಷ್ಯ ಸಲ್ಲದೆಂದು ನ್ಯಾಯಾಲಯ ತೀರ್ಪಿತ್ತು, ಶಿಕ್ಷೆಯನ್ನು ರದ್ದು ಮಾಡಿತು. ನೆರವೆಂದು ಕೊಟ್ಟದ್ದು ಅವಳ ಬಾಯಿಯನ್ನೇ ಕಟ್ಟಿತು.

ಆಮೇಲೆ ಆ ರಾಜ್ಯ ಕಾನೂನನ್ನು ಸಡಿಲಿಸಿತು. ಸಾಕ್ಷಿಗೆ ಮೊದಲೇ ನೆನಪಿದ್ದದ್ದು ಬರಹದಲ್ಲೋ, ಧ್ವನಿಮುದ್ರಣದಲ್ಲೋ, ವೀಡಿಯೊದಲ್ಲೋ ದಾಖಲಾಗಿರಬೇಕು. ಅಷ್ಟನ್ನು ಮಾತ್ರ ಹೇಳಬಹುದು. ಸಮ್ಮೋಹನ ನಡೆಯುವ ಕೋಣೆಯಲ್ಲಿ ಪೊಲೀಸರೂ ಇರಕೂಡದು, ಎರಡು ಕಡೆಯ ವಕೀಲರೂ ಇರಕೂಡದು.