ಬಾಣಂತಿ ಉಣ್ಣದೆ ಬಿಟ್ಟದ್ದು

ಹಾಲಾಹಲವನ್ನು ಕುಡಿದ ಶಿವನು ಅದನ್ನು ಕಂಠದಲ್ಲಿಯೇ ನಿಲ್ಲಿಸಿಕೊಂಡನೆಂದು ಪುರಾಣ. ಆ ನಂಜುಂಡನ ಹೆಸರನ್ನೇ ಹೊತ್ತ ಊರು ನಂಜನಗೂಡು. ಹಾಲೂಡುವ ತಾಯಿಗೆ ಆ ಶಕ್ತಿಯಿಲ್ಲ. ಆಕೆ ಉಂಡದ್ದರಲ್ಲಿ ಎಷ್ಟೋ ಅಂಶ ರಕ್ತಕ್ಕಿಳಿದು, ಹಾಲಿಗೆ ಬಂದು, ಕೂಸಿನ ಬಾಯಿಗೆ ಸೇರುತ್ತದೆ.

ಈ ತಿಳಿವಳಿಕೆ ನಮ್ಮವರಿಗೆ ಹೊಸದೇನೂ ಅಲ್ಲ. ಚರಕಸಂಹಿತೆಯು ಎದೆಹಾಲಿನ ದೋಷಗಳನ್ನು ಎಂಟೆಂದು ಎಣಿಸುತ್ತದೆ. ನೀರಿಗೆ ಬಿಟ್ಟರೆ ಚೆನ್ನಾಗಿ ಬೆರೆಯುವ ಹಾಲು ಶುದ್ಧವೆನ್ನುತ್ತದೆ. ಹಾಲು ಕೆಟ್ಟರೆ ಹಾಲೂಡುವವಳಿಗೇ ಚಿಕಿತ್ಸೆಯನ್ನು ವಿಧಿಸುತ್ತದೆ. ಕನ್ನಡದಲ್ಲಿ ಸುಮಾರು 1200ರ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ ಉಂಟು. ಕೂಸಿನ ಬೇನೆಗೆ ಗ್ರಹಗಳನ್ನು ಕಾರಣವಾಗಿ ಕಂಡ ಕಾಲವದು ಎಂಬುದನ್ನು ಅದರ ಹೆಸರೇ ಸಾರುತ್ತದೆ. ಗ್ರಹಕ್ಕೆ ಶಾಂತಿ, ಹಾಲಿಗೆ ಪಥ್ಯ: ಇವೆರಡೂ ಜೊತೆಜೊತೆಯಾಗಿಯೇ ಬಾಳಿದವು.

ಕಪಿಲೆಯ ದಡದ ನಂಜನಗೂಡಿನಿಂದ ಆ ನದಿ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದವರೆಗೆ ನೀರು ಹಾಯುವಲ್ಲೆಲ್ಲ ಭತ್ತದ ಗದ್ದೆ. ಹಳೆಯ ಮೈಸೂರಿನ ಈ ಸೀಮೆಯಲ್ಲಿ ಬಾಣಂತಿಯ ಎಲೆಗೆ ಬೀಳುವುದು ಬಿಳಿಯ ಅನ್ನ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ಕಾಳು ವಾಯು, ಹಣ್ಣು ಶೀತ, ಸೊಪ್ಪು ಕೂಸಿಗೆ ಆಗದು ಎಂದು ಎಷ್ಟೋ ಮನೆಗಳಲ್ಲಿ ಒಂದೊಂದನ್ನೇ ತೆಗೆದಿಡುತ್ತಾರೆ. ಈ ಪಥ್ಯದಲ್ಲಿ ಒಳ್ಳೆಯದೂ ಇದೆ. ಬೆಳ್ಳುಳ್ಳಿಯ ವಾಸನೆ ಹಾಲಿಗೆ ಬರುವುದನ್ನೂ, ಆಗ ಕೂಸು ಹೆಚ್ಚು ಹೊತ್ತು ಮೊಲೆಗೆ ಅಂಟಿಕೊಂಡಿರುವುದನ್ನೂ ಅಮೆರಿಕದ ವಿಜ್ಞಾನಿಗಳು 1991ರಲ್ಲಿ ತೋರಿಸಿದರು.

ಆದರೆ ಕಾಲಕ್ರಮದಲ್ಲಿ ಒಂದು ಮಾತು ನಮ್ಮ ಗಮನಕ್ಕೆ ಬಾರದೆ ಹೋಯಿತು. ಪಥ್ಯ ಹಾಗೆಯೇ ಉಳಿಯಿತು, ಅಕ್ಕಿ ಮಾತ್ರ ಬದಲಾಯಿತು. ಒರಳಿನಲ್ಲಿ ಒನಕೆಯಿಂದ ಕುಟ್ಟಿದ ಅಕ್ಕಿಯ ಮೇಲೆ ಅಷ್ಟಿಷ್ಟು ತವುಡು ಉಳಿಯುತ್ತಿತ್ತು. ಗಿರಣಿಯ ಪಾಲಿಷ್ ಅಕ್ಕಿಯಲ್ಲಿ ಅದಿಲ್ಲ. ಅದರೊಡನೆ ಥಯಾಮಿನ್ ಎಂಬ ಬಿ-1 ಜೀವಸತ್ವದ ಬಹುಭಾಗವೂ ಹೋಯಿತು. ಮೂರು ಬಾರಿ ತೊಳೆದು, ಗಂಜಿ ಬಸಿದರೆ ಉಳಿದದ್ದೂ ಹೋಗುತ್ತದೆ.

ಇದರ ಫಲವೇನೆಂಬುದನ್ನು ಅಕ್ಕಿಯುಣ್ಣುವ ಬೇರೆ ನಾಡುಗಳು ಮೊದಲೇ ಕಂಡಿದ್ದವು. ಜಾವಾದಲ್ಲಿ ಐಕ್ಮನ್ ಪಾಲಿಷ್ ಅಕ್ಕಿ ತಿಂದ ಕೋಳಿಗಳು ಬೆರಿಬೆರಿಯಂಥ ರೋಗಕ್ಕೆ ಬೀಳುವುದನ್ನು ಕಂಡನು. ಅವನಿಗೆ 1929ರಲ್ಲಿ ನೊಬೆಲ್ ಬಹುಮಾನ ದೊರಕಿತು. ಬೆರಿಬೆರಿಯ ತಾಯಿಯ ಹಾಲಿನಿಂದಲೇ ಕೂಸಿಗೆ ಕೇಡೆಂದು ಜಪಾನಿನ ಹಿರೋಟ 1898ರಲ್ಲಿ ಬರೆದನು. ಹಾಲಿನಲ್ಲಿ ವಿಷ ಸೇರಿರಬೇಕೆಂದು ಆಗ ಊಹಿಸುವುದು ಸಹಜವಾಗಿತ್ತು. ನಿಜವಾಗಿ ಅಲ್ಲಿದ್ದುದು ವಿಷವಲ್ಲ, ಕೊರತೆ.

ಇದು ಹಳೆಯ ಕಥೆಯಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಎದೆಹಾಲೊಂದನ್ನೇ ಕುಡಿಯುವ ಕೂಸುಗಳು ಏದುಸಿರು ಬಿಡುತ್ತ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವೇರಿ ಅಲ್ಲಿಗೆ ಬಂದವು. ತಾಯಂದಿರ ಆಹಾರ ಪಾಲಿಷ್ ಅಕ್ಕಿಯ ಅನ್ನ, ಜೊತೆಗೆ ಕಟ್ಟುನಿಟ್ಟಾದ ಪಥ್ಯ. ಥಯಾಮಿನ್ ಕೊಟ್ಟೊಡನೆ ಬಹುಪಾಲು ಕೂಸುಗಳು ಬೇಗನೆ ಚೇತರಿಸಿಕೊಂಡವು. ಹಿಂದೆ ಇಂಥ ಎಷ್ಟು ಸಾವುಗಳನ್ನು ಗ್ರಹದ ಲೆಕ್ಕಕ್ಕೆ ಬರೆದೆವೋ!

ಎಲ್ಲ ಸತ್ವಗಳ ರೀತಿಯೂ ಒಂದೇ ಅಲ್ಲ. ಸುಣ್ಣದ ಅಂಶ ಊಟದಲ್ಲಿ ಸಾಲದಿದ್ದರೆ ತಾಯಿಯ ಮೂಳೆಯೇ ಅದನ್ನು ಹಾಲಿಗೆ ಒದಗಿಸುತ್ತದೆ. ಥಯಾಮಿನ್ನಿಗೆ ಅಂಥ ದೊಡ್ಡ ಉಗ್ರಾಣ ದೇಹದಲ್ಲಿಲ್ಲ. ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಬಾಣಂತನವೂ ವಾರಗಟ್ಟಲೆಯದೇ ಅಲ್ಲವೆ? ಇನ್ನು ವೀಳ್ಯದೊಡನೆ ಹೊಗೆಸೊಪ್ಪು ಹಾಕುವ ತಾಯಿಯ ಹಾಲಿಗೆ ನಿಕೋಟಿನ್ ಇಳಿಯುತ್ತದೆ. ತೆಗೆದಿಡಬೇಕಾದದ್ದು ಅದು, ಬೇಳೆಕಾಳಲ್ಲ.

ಪಥ್ಯ ಮಾಡಿಸುವ ಅಜ್ಜಿಯರನ್ನು ಹಳಿಯುವುದು ಸಲ್ಲದು. ತಾಯಿಯ ಊಟವೇ ಕೂಸಿನ ಊಟವೆಂಬ ಅವರ ಮೂಲತತ್ತ್ವ ಸರಿಯಾಗಿಯೇ ಇದೆ. ಅದನ್ನು ಇನ್ನೊಂದು ಹೆಜ್ಜೆ ಮುಂದೊಯ್ಯಬೇಕು, ಅಷ್ಟೆ: ಬಾಣಂತಿ ಉಂಡದ್ದರ ಫಲದಂತೆ, ಉಣ್ಣದೆ ಬಿಟ್ಟದ್ದರ ಫಲವೂ ಕೂಸಿನದೇ. ಮೆಣಸಿನ ಸಾರಿನ ಪಕ್ಕದಲ್ಲಿ ಬೇಳೆ, ಕಾಳು, ಸೊಪ್ಪುಗಳಿಗೂ ಎಲೆಯಲ್ಲಿ ಜಾಗವಿರಲಿ.